ಹಕ್ಕಿಗಳಿಗೆ ಎರಡೂ ಕೈ ಎತ್ತಿದ ಬ್ಯಾಂಡ್ ಮೇಷ್ಟ್ರು

ಬ್ಯಾಂಡ್ ಮೇಷ್ಟ್ರು ಯಾವ ಸಭೆಯಲ್ಲೂ ಎರಡನೇ ಸಾಲಿನಲ್ಲಿ ಕೂತದ್ದನ್ನು ಕಂಡವರಿಲ್ಲ. ಕೆರೆಯನ್ನು ಪಕ್ಷಿಧಾಮ ಮಾಡುವ ಸಭೆಗೂ ಹಿತ್ತಾಳೆ ಗುಂಡಿಯ ಕೆಂಪು ಕೋಟು ತೊಟ್ಟೇ ಬಂದು ಮುಂದಿನ ಕುರ್ಚಿ ಹಿಡಿದಿದ್ದರು. ಸುತ್ತಲಿನವರೆಲ್ಲ ಒಪ್ಪಿದರೆ ಮಾತ್ರ ಕೆರೆ ಹಕ್ಕಿಗಳದ್ದು ಎಂದು ಅರಣ್ಯಾಧಿಕಾರಿಣಿ ಹೇಳಿ ಮುಗಿಸುವ ಮೊದಲೇ ಎದ್ದು ನಿಂತರು.

"ಹಕ್ಕಿಗಳೂ ಕಲಾವಿದರೇ! ಕಲಾವಿದರ ಕಷ್ಟ ಕಲಾವಿದನಿಗೇ ಗೊತ್ತು!" ಎಂದು ಗುಡುಗಿ ಎರಡೂ ಕೈ ಎತ್ತಿದರು. ಅವರನ್ನು ನೋಡಿ ಸಭೆಗೆ ಸಭೆಯೇ ಕೈ ಎತ್ತಿತು. ಚಪ್ಪಾಳೆ ನಿಂತ ಮೇಲೆ ಅಧಿಕಾರಿಣಿ ನಿಯಮ ಹೇಳಿದರು: ದಡದಲ್ಲಿ ಪಟಾಕಿ ಕೂಡದು, ಧ್ವನಿವರ್ಧಕ ಕೂಡದು, ವಾದ್ಯ ಕೂಡದು.

ಮೇಷ್ಟ್ರ ಕೈಗಳು ಇನ್ನೂ ಮೇಲೇ ಇದ್ದವು.

ಅವರ ಬ್ಯಾಂಡು ವರ್ಷಗಟ್ಟಲೆ ತಾಲೀಮು ನಡೆಸುತ್ತಿದ್ದದ್ದು ಆ ದಡದಲ್ಲೇ. ಬೇರೆ ಕಡೆ ಯಾರೂ ಸೇರಿಸುತ್ತಿರಲಿಲ್ಲ. ಮದುವೆಗಳ ಕಾಲ ಬೇರೆ ಹತ್ತಿರ ಬಂದಿತ್ತು. ತಾಲೀಮಿಲ್ಲದ ಬ್ಯಾಂಡನ್ನು ಯಾವ ಬೀಗರು ಕರೆದಾರು?

"ಏನ್ರೀ, ಒಂದು ಕೈ ಎತ್ತಿದ್ರೆ ಸಾಲ್ತಿರ್ಲಿಲ್ವಾ?" ಎಂದಳು ಹೆಂಡತಿ, ಬಟಾಣಿ ಬಿಡಿಸುತ್ತ.

"ಸುಮ್ನಿರೇ. ಕೊಟ್ಟ ಮಾತು ಕೊಟ್ಟದ್ದೇ."

"ಮಾತು ಕೊಡಿ, ಬೇಡ ಅಂದೋರ್ಯಾರು? ಆ ದೊಡ್ಡ ಡ್ರಮ್ಮು ಮಾತ್ರ ಮನೆಗೆ ತರ್ಬೇಡಿ."

ಮೇಷ್ಟ್ರು ತಾಲೀಮಿಗೆ ಜಾಗ ಕೇಳುತ್ತ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದರು. ಹಕ್ಕಿಗಳಿಗೆ ಎದ್ದಿದ್ದ ಕೈಗಳೆಲ್ಲ ಈಗ ತಲೆ ಕೆರೆದುಕೊಂಡವು. "ನನ್ನ ಕೈಯಲ್ಲಿ ಕತ್ತಿ ಇರುತ್ತೆ ಮೇಷ್ಟ್ರೇ. ಪಕ್ಕದಲ್ಲಿ ನೀವು ಊದಿದ್ರೆ ಗಿರಾಕಿ ಕಿವಿಗೆ ನಾನು ಜವಾಬ್ದಾರನಲ್ಲ," ಎಂದ ಕ್ಷೌರಿಕ.

ಕೊನೆಗೆ ಹೆಂಡತಿಯೇ ಹಾಸಿಗೆ ಅಂಗಡಿ ಇಟ್ಟಿದ್ದ ತನ್ನ ತಮ್ಮನ ಬಳಿ ಹೋದಳು.

"ನೀನೂ ಕೈ ಎತ್ತಿದ್ಯಲ್ಲೋ?"

"ಹಕ್ಕಿಗೆ ಎತ್ತಿದ್ದು ಅಕ್ಕಾ, ಭಾವನಿಗಲ್ಲ."

"ಹಕ್ಕಿಗಳು ಎಲ್ಲಿಂದ್ಲೋ ಹಾರಿ ಬರ್ತವೆ, ಜಾಗ ಕೊಡ್ತೀರಿ. ಇಲ್ಲೇ ಹುಟ್ಟಿ ಬೆಳೆದ ನಿನ್ನ ಭಾವ ಎಲ್ಲಿಗೆ ವಲಸೆ ಹೋಗ್ಬೇಕು?"

ತಮ್ಮ ತೆಪ್ಪಗೆ ಹತ್ತಿ ಗೋದಾಮಿನ ಬೀಗದ ಕೈ ಕೊಟ್ಟ.

ಸೂರಿನವರೆಗೆ ಹತ್ತಿ ಮೂಟೆ. ಒಳಗಿನ ಸದ್ದು ಹೊರಗೆ ಬೆಕ್ಕಿನ ಕಿವಿಗೂ ಬೀಳದು. ಆದರೆ ಒಳಗಿದ್ದವರಿಗೆ ಎಲ್ಲವೂ ಕೇಳತೊಡಗಿತು! ಕೆರೆಯ ಗಾಳಿ ಇಷ್ಟು ವರ್ಷ ಹೊತ್ತೊಯ್ಯುತ್ತಿದ್ದ ಅಪಸ್ವರಗಳು ಇಲ್ಲಿ ಕಾಲ ಬುಡದಲ್ಲೇ ಬಿದ್ದವು. ಎಂದಿನಂತೆ ಮೇಷ್ಟ್ರು ಡ್ರಮ್ಮಿನವನನ್ನು ದುರುಗುಟ್ಟಿ ನೋಡಿದರು.

"ಅವನಲ್ಲ ಮೇಷ್ಟ್ರೇ," ಎಂದ ಕ್ಲಾರಿನೆಟ್ಟಿನವ.

"ಮತ್ತ್ಯಾರು?"

"ನೀವೇ."

ಮೇಷ್ಟ್ರು ಮೀಸೆಗೆ ಅಂಟಿದ್ದ ಹತ್ತಿ ತೆಗೆದರು, ತಮ್ಮ ತುತ್ತೂರಿಯನ್ನು ಒಮ್ಮೆ ತಿರುಗಿಸಿ ನೋಡಿದರು. ತಪ್ಪು ಅದರದ್ದೂ ಆಗಿರಲಿಲ್ಲ. "ಹೂಂ, ಮೊದಲಿಂದ ಹಿಡೀರಿ," ಎಂದರು.

ಪಕ್ಷಿಧಾಮದ ಉದ್ಘಾಟನೆಯ ದಿನ ಕೆರೆಯ ತಿರುವಿನವರೆಗೆ ಮೆರವಣಿಗೆ. ಅಲ್ಲಿಂದ ಮುಂದೆ ಮೌನ. ತಿರುವಿಗೆ ಬಂದು ಬ್ಯಾಂಡು ನಿಂತಿತು. ಜನ ಮಾತ್ರ ಕದಲಲಿಲ್ಲ.

"ಇನ್ನೊಂದು ಬಾರಿಸಿ ಮೇಷ್ಟ್ರೇ!" ಎಂದು ಕೂಗಿದವನು ಕ್ಷೌರಿಕನೇ. "ನಮ್ಮ ಹುಡುಗಿ ಮದುವೆಗೂ ನೀವೇ ಬರ್ಬೇಕು, ಈಗ್ಲೇ ಹೇಳಿಟ್ಟಿದೀನಿ!"

ಅಧಿಕಾರಿಣಿ ರಿಬ್ಬನ್ನಿನ ಕತ್ತರಿ ಹಿಡಿದು ಗಡಿಯಾರ ನೋಡಿಕೊಂಡರು. "ಹಕ್ಕಿಗಳು ಕಾಯ್ತಿವೆಯಲ್ರೀ..."

"ಕಾಯ್ಲಿ ಮೇಡಂ," ಎಂದಳು ಮೇಷ್ಟ್ರ ಹೆಂಡತಿ. "ಇಷ್ಟು ವರ್ಷ ಇವರ ತಾಲೀಮು ಕೇಳಿದ ಹಕ್ಕಿಗಳು, ಒಂದು ಹಾಡಿನ ಹೊತ್ತು ಕಾಯೋಲ್ವಾ?"

ಮೇಷ್ಟ್ರು ಕೋಟಿನ ಗುಂಡಿ ಬಿಗಿಮಾಡಿ, ಕೆರೆಗೆ ಬೆನ್ನು ತಿರುಗಿಸಿ, ಊದಿದರು.