ಸೊಪ್ಪಿನ ಕೈಸಾಲದಂಥ ಉತ್ತರ: ಅನಿತ ಕಾಯುವ ರೇಷ್ಮೆ ಕಟ್ಟೆ

ಮಾಗಿಯ ಚಳಿ. ತಾಯಲೂರಿನ ಹೊರಗಿನ ಹಿಪ್ಪುನೇರಳೆ ತೋಟದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಹುಳುಮನೆಯೊಳಗೆ ಅನಿತ, ನಿನ್ನೆ ಸಂಜೆ ಕೊಯ್ದು ಒದ್ದೆ ಗೋಣಿ ಹೊದಿಸಿಟ್ಟಿದ್ದ ಸೊಪ್ಪನ್ನು ತಟ್ಟೆಗಳ ಮೇಲೆ ಹರಡುತ್ತಿದ್ದಾರೆ. ಇಬ್ಬನಿ ಕೂತ ಸೊಪ್ಪು ಹುಳುವಿಗೆ ಆಗದು. ಹರಡಿದ್ದೇ ತಡ, ಚರಚರ ತಿನ್ನುವ ಸದ್ದು ಮನೆ ತುಂಬುತ್ತದೆ. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ಅವರು ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ಎತ್ತಿಕೊಳ್ಳುವುದು.

"ಹುಳ ಮೊದ್ಲು, ಜನ ಆಮೇಲೆ. ಜನ ಕಾಯ್ತಾರೆ, ಹುಳ ಕಾಯಲ್ಲ ನೋಡಿ," ಎಂದು ನಗುತ್ತಾರೆ.

ಕಾಯುವ ಜನ ಕಡಿಮೆಯೇನಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಾವಿರದ ಒಂಬೈನೂರು ರೇಷ್ಮೆ ಬೆಳೆಗಾರರು 'ರೇಷ್ಮೆ ಕಟ್ಟೆ' ಎಂಬ ಅಂತರ್ಜಾಲದ ಚರ್ಚಾವೇದಿಕೆಯಲ್ಲಿದ್ದಾರೆ. ದಿನಕ್ಕೆ ನಲವತ್ತು ಪ್ರಶ್ನೆ, ಅದರಲ್ಲಿ ಮೂವತ್ತು ಬೆಳಗಿನ ಏಳರೊಳಗೇ. ಒಂದೊಂದನ್ನೂ ಓದಿ, ಫೋಟೋ ಮಸುಕಾಗಿದ್ದರೆ ಇನ್ನೊಂದು ಕೇಳಿ, ಗೊತ್ತಿದ್ದವರ ಗಮನಕ್ಕೆ ತರುವುದು ಅನಿತರ ಕೆಲಸ. ಸಂಬಳವಿಲ್ಲ, ಹುದ್ದೆಯಿಲ್ಲ. ಮುಳಬಾಗಿಲಿನ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ಟೈಪಿಂಗ್ ಮಾಡಿದ್ದೇ ಈ ಮೂವತ್ತೈದರ ಹೆಣ್ಣುಮಗಳ ಕಂಪ್ಯೂಟರ್ ವಿದ್ಯೆ.

ಮೊದಲಿದ್ದದ್ದು ವಾಟ್ಸಾಪ್ ಗುಂಪು. "ಬೆಳಗ್ಗೆ ಕೊಟ್ಟ ಉತ್ತರ ಸಂಜೆಗೆ ಗುಡ್ ಮಾರ್ನಿಂಗ್ ಹೂಗಳ ಅಡಿ ಹೂತೋಗೋದು." ಹಾಗಾಗಿ ವೇದಿಕೆ ನಡೆಸಲೆಂದೇ ಇರುವ ಹೊಸ ಕಾಲದ ಸಾಫ್ಟ್‌ವೇರ್ ಒಂದನ್ನು ಆರಿಸಿ ಕಟ್ಟೆಯನ್ನು ಅಲ್ಲಿಗೆ ಸಾಗಿಸಿದರು. ನೋಡಲು ಚೆಂದವಿತ್ತು. ಹೆಚ್ಚು ಲೈಕ್ ಬಿದ್ದ ಉತ್ತರವನ್ನು ತಾನೇ ಮೇಲಕ್ಕೆ ತರುತ್ತಿತ್ತು.

ಎಡವಿದ್ದು ಅಲ್ಲೇ. ಕುರುಡುಮಲೆ ಕಡೆಯ ಚನ್ನರಾಯಪ್ಪ ನಲವತ್ತು ವರ್ಷ ಹುಳು ಸಾಕಿದ ಹಿರಿಯರು. ಅವರು ಏನು ಬರೆದರೂ ಜನ ಓದುವ ಮೊದಲೇ ಲೈಕ್ ಒತ್ತುತ್ತಿದ್ದರು, ದೊಡ್ಡವರು ಬಂದಾಗ ಜಗಲಿಯಿಂದ ಏಳುವ ಹಾಗೆ. ಹುಳು ತಿನ್ನದಿದ್ದರೆ ಎಳೆ ಸೊಪ್ಪಿಗೆ ನೀರು ಚಿಮುಕಿಸಿ ಕೊಡಿ ಎಂದು ಬಿರುಬೇಸಿಗೆಯಲ್ಲಿ ಬರೆದಿದ್ದರು. ಸೆಕೆಗೆ ಸರಿಯಾದ ಮಾತೇ. ಇನ್ನೂರ ಹನ್ನೆರಡು ಲೈಕ್.

ಕಳೆದ ಮಾಗಿಯಲ್ಲಿ ಯಲ್ದೂರಿನ ಮುನಿಯಲ್ಲಮ್ಮ 'ಹುಳು ತಿಂತಿಲ್ಲ' ಎಂದು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಂಡದ್ದು ಅದೇ ಉತ್ತರ. ಅವರ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮೊದಲು ತಲೆಯೆತ್ತಿ ಉಪವಾಸ ಕೂರುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆ. ಆಗ ಹಾಸು ಒಣಗಿರಬೇಕು, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಮಾಲೂರಿನ ಇಪ್ಪತ್ತಮೂರರ ಹುಡುಗಿ ಮೇಘನ ಹಾಗೆಂದೇ ಬರೆದಿದ್ದಳು. ಅದು ನಾಲ್ಕು ಲೈಕಿನೊಂದಿಗೆ ತಳದಲ್ಲಿತ್ತು. ಮುನಿಯಲ್ಲಮ್ಮ ನೀರು ಚಿಮುಕಿಸಿದರು. ನೂರು ಚಿಟ್ಟೆಗಳ ಮೊಟ್ಟೆಯ, ಹತ್ತಿರ ನಲವತ್ತು ಸಾವಿರ ಹುಳುವಿನ ಬೆಳೆಯಲ್ಲಿ ಅರ್ಧ ಕೊಳೆತುಹೋಯಿತು.

ಅನಿತ ಬಸ್ಸು ಹತ್ತಿ ಯಲ್ದೂರಿಗೆ ಹೋದರು. "'ನಿನ್ ಕಟ್ಟೆ ನಂಬ್ಕೊಂಡಿದ್ದೆ ಅಮ್ಮಾಯಿ' ಅಂದ್ರು, ಅಷ್ಟೆ. ಬೈದಿದ್ರೂ ಪರ್ವಾಗಿರ್ಲಿಲ್ಲ. ಸಾಫ್ಟ್‌ವೇರ್ ಆರ್ಸಿದ್ದು ನಾನಲ್ವಾ?"

ಆಮೇಲೆ ಎರಡು ತಿಂಗಳು, ಮೂರು ಹೊತ್ತಿನ ಸೊಪ್ಪಿನ ನಡುವೆ, ನಾಲ್ಕು ಸಾಫ್ಟ್‌ವೇರ್‌ಗಳ ಪರೀಕ್ಷೆ. ಪರೀಕ್ಷಕಿ ಮುನಿಯಲ್ಲಮ್ಮನೇ, ಅವರ ಗಾಜೊಡೆದ ಮೊಬೈಲಿನಲ್ಲಿ. ತೆರೆದಾಗಲೆಲ್ಲ ಪಾಸ್‌ವರ್ಡ್ ಕೇಳಿದ್ದನ್ನು "ಇದೇನಮ್ಮಾಯಿ, ನಮ್ಮನೆಗ್ ನಾನ್ ಬರೋಕೂ ಇಷ್ಟೊಂದ್ ವಿಚಾರಿಸ್ತದೆ" ಎಂದು ಬದಿಗೆ ತಳ್ಳಿದರು. ಸಿಗ್ನಲ್ ಒಂದೇ ಗೀಟಿದ್ದಾಗ ತೆರೆಯದ್ದೂ ಹೋಯಿತು, ಕನ್ನಡದಲ್ಲಿ ಹುಡುಕಿದರೆ ಬರಿಗೈ ತೋರಿಸಿದ್ದೂ ಹೋಯಿತು. ಉಳಿದದ್ದು ನೋಡಲು ಸಪ್ಪೆ. ಆದರೆ ಅದರಲ್ಲಿ ಲೈಕನ್ನೇ ತೆಗೆದುಬಿಡಬಹುದು, ಉತ್ತರಕ್ಕೆ ಚಳಿಗಾಲ, ಬೇಸಿಗೆ ಎಂದು ಚೀಟಿ ಅಂಟಿಸಬಹುದು. ಹುಳು ಗೂಡು ಕಟ್ಟಿದ ಮೇಲೆ 'ಕೆಲಸ ಆಯ್ತು' ಎಂದು ಒತ್ತುವ ಹಕ್ಕು ಆ ಉತ್ತರದಂತೆ ನಡೆದವರದು. ನಾಳೆ ಈ ಸಾಫ್ಟ್‌ವೇರೂ ಬೇಡವೆನಿಸಿದರೆ ಅಷ್ಟೂ ಉತ್ತರಗಳನ್ನು ಗಂಟು ಕಟ್ಟಿಕೊಂಡು ಹೊರಡಲೂಬಹುದು.

ಚನ್ನರಾಯಪ್ಪನವರಿಗೆ ಬೇಸರವಾದೀತೆಂಬ ಅಳುಕು ಅನಿತರಿಗಿತ್ತು. ಅವರೇ ಫೋನ್ ಮಾಡಿದರು. "ಲೇ ಅನಿತಾ, ನನ್ ಮಾತ್ಗೆ ಬೇಸ್ಗೆ ಅಂತ ಚೀಟಿ ಹಚ್ಚಮ್ಮ. ಚಳಿಗೆ ಆ ಹುಡ್ಗಿ ಹೇಳಿದ್ದೇ ಮೇಲಿರ್ಲಿ. ವಯಸ್ಸಾಯ್ತು ಅಂತ ಹುಳ ನನ್ಗೇನ್ ಮರ್ಯಾದೆ ಕೊಡುತ್ತಾ?"

"ಅವತ್ತು ಅವ್ರ ಕಾಲಿಗೆ ಬೀಳೋಣ ಅನ್ನಿಸ್ತು," ಎನ್ನುತ್ತಾರೆ ಅನಿತ.

ಈ ಸೀಮೆಯಲ್ಲಿ ಸೊಪ್ಪಿಗೂ ಕೈಸಾಲವುಂಟು. ಕೊನೆಯ ದಿನಗಳಲ್ಲಿ ಸೊಪ್ಪು ಸಾಲದಾದರೆ ಪಕ್ಕದ ತೋಟದಿಂದ ಹೊರೆ ತರುತ್ತಾರೆ. ಮುಂದೆ ಸೊಪ್ಪಿನಲ್ಲೇ ತೀರಿಸಬೇಕು. ದುಡ್ಡು ಚಾಚಿದರೆ ಮುಖ ಕೆಡುತ್ತದೆ. ಕಟ್ಟೆಯ ಕಟ್ಟಳೆಯೂ ಅದೇ: ಉತ್ತರ ಪಡೆದವರು ಇನ್ನೊಬ್ಬರಿಗೆ ಉತ್ತರ ಕೊಡಬೇಕು. ಮುನಿಯಲ್ಲಮ್ಮ ಮಾತ್ರ "ನನ್ಗೇನ್ ತಿಳೀತದೆ, ನನ್ ಬಾಕಿ ಹಂಗೇ ಇರ್ಲಿ" ಎನ್ನುತ್ತಲೇ ಬಂದವರು.

ಈ ಮಾಗಿಯಲ್ಲಿ ಅವರ ಹುಳುಗಳು ಮತ್ತೆ ತಲೆಯೆತ್ತಿ ಕೂತವು. ಚಳಿಗಾಲದ ಚೀಟಿಯಡಿ ಮೇಘನಳ ಉತ್ತರ ಸಿಕ್ಕಿತು. ಕೈಕಟ್ಟಿ ಕಾದರು. ಎರಡನೆಯ ದಿನ ಹುಳು ಎದ್ದವು, ಮುಂದೆ ಗೂಡೂ ಕಟ್ಟಿದವು.

ಇಂದು ಬೆಳಿಗ್ಗೆ ಅನಿತ ಮೊಬೈಲ್ ತೆರೆದಾಗ ಮೇಘನಳ ಉತ್ತರದ ಮುಂದೆ ಮುನಿಯಲ್ಲಮ್ಮ ಒತ್ತಿದ 'ಕೆಲಸ ಆಯ್ತು' ಗುರುತು ಬಿದ್ದಿದೆ. ಅದರ ಕೆಳಗೆ ಕೋಲಾರದ ಹೊಸ ಬೆಳೆಗಾರ ನಂದೀಶ್ ನಸುಕಿನಲ್ಲೇ ಕೇಳಿದ್ದಾರೆ: ಹುಳು ತಿನ್ನುತ್ತಿಲ್ಲ, ಏನು ಮಾಡಲಿ? ಆಗಲೇ ಒಂದು ಧ್ವನಿಸಂದೇಶ ಬಂದು ಕೂತಿದೆ.

"ತಲೆ ಎತ್ಕೊಂಡ್ ಕೂತವಾ ನಂದೀಶಪ್ಪಾ? ಹಂಗಾದ್ರೆ ಜ್ವರ ಕಣಪ್ಪಾ. ಕೈ ಇಡ್ಬೇಡ, ನೀರಂತೂ ಬೇಡ್ವೇ ಬೇಡ. ನಾನ್ ನೀರ್ ಹಾಕಿ ಕೆಟ್ಟೆ, ನೀನ್ ಕಾದು ಗೆಲ್ಲು. ನಾನು ಯಲ್ದೂರು ಮುನಿಯಲ್ಲಮ್ಮ."

ಅನಿತ ಎರಡು ಸಲ ಕೇಳಿಸಿಕೊಳ್ಳುತ್ತಾರೆ. "ಸೊಪ್ಪು ವಾಪಸ್ ಬಂತು ನೋಡಿ," ಎಂದವರೇ ಮೊಬೈಲ್ ಕೆಳಗಿಟ್ಟು, ಮಧ್ಯಾಹ್ನಕ್ಕೆ ಉಳಿಸಿದ ಸೊಪ್ಪಿನ ಮೇಲೆ ಒದ್ದೆ ಗೋಣಿ ಎಳೆಯುತ್ತಾರೆ.