ಕೂರದ ಅಕ್ಕ, ಓಡಾಡುವ ಕುರ್ಚಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಾಲುವೆಯ ಈಚೆ ದಡದ ಓಣಿಯಲ್ಲಿ, ನಲ್ಲಿಯ ಮುಂದೆ ಕೊಡಗಳು ಆಗಲೇ ಸಾಲು ಹಿಡಿದಿವೆ. ಅವುಗಳ ಒಡತಿಯರು ಮಾತ್ರ ಆಕಳಿಸುತ್ತ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅಷ್ಟು ಹೊತ್ತಿಗೇ ಮೊದಲ ಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಒಬ್ಬರು ನಿಂತಿದ್ದಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಇಲಾಖೆ ಕೊಟ್ಟ ಫೋನು, ಕಂಕುಳಲ್ಲಿ ಮಕ್ಕಳ ಎತ್ತರ ಅಳೆಯುವ ಮರದ ಹಲಗೆ. ಓಣಿಯ ಮಟ್ಟಿಗೆ ಅವರ ಹೆಸರು ಗಣತಿ ಅಕ್ಕ.

"ಅಯ್ಯೋ ಅಕ್ಕ, ಇಷ್ಟು ಬೇಗ ಬಂದ್ಬಿಟ್ರಾ? ಒಂದು ನಿಮಿಷ ತಡೀರಿ, ಕುರ್ಚಿ ತರಿಸ್ತೀನಿ," ಎಂದು ಮನೆಯಾಕೆ ಕೆದರಿದ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಗಾಬರಿಯಾಗುತ್ತಾರೆ.

"ಬೇಡಮ್ಮ, ಮಂಡಿ ನೋವು. ಕುರ್ಚೀಲಿ ಕೂತ್ರೆ ಏಳೋಕಾಗಲ್ಲ," ಎನ್ನುತ್ತಾರೆ ಅಕ್ಕ.

ಹೀಗೆಂದವರು ಮರುಗಳಿಗೆಯಲ್ಲೇ ಆ ಮನೆಯ ಪುಟ್ಟ ಹುಡುಗಿಯನ್ನು ಹಲಗೆಗೆ ಒರಗಿಸಿ ನಿಲ್ಲಿಸಿ, ಅವಳ ಹಿಮ್ಮಡಿ ಸರಿಮಾಡಲು ಅದೇ ಮಂಡಿಯನ್ನು ನೆಲಕ್ಕೂರಿ ಕೂರುತ್ತಾರೆ, ಚಂಗನೆ ಏಳುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು ಬಾಯಿ ತೆರೆಯುವ ಮೊದಲೇ ಒಂದು ನೋಟ ಬೀಸಿ ಸುಮ್ಮನಾಗಿಸುತ್ತಾರೆ.

ಅಕ್ಕನ ಕೆಲಸ ಮನೆ ಮನೆ ಸಮೀಕ್ಷೆ. ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ, ಹುಟ್ಟಿದ ಮಕ್ಕಳು ಉಳಿದವೇ, ನೀರು ಎಲ್ಲಿಂದ, ಒಲೆಗೆ ಏನು ಹಾಕುತ್ತೀರಿ, ಗಡಿಯಾರ ಇದೆಯೇ, ಮಂಚ ಇದೆಯೇ, ಕುರ್ಚಿ ಇದೆಯೇ. ಜಗತ್ತಿನ ದೇಶಗಳನ್ನೆಲ್ಲ ಆಯಸ್ಸು, ಓದು, ಆದಾಯ ಎಂದು ತೂಗಿ ಮೇಲಿಂದ ಕೆಳಕ್ಕೆ ಜೋಡಿಸಿದ ಪಟ್ಟಿಯೊಂದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದಲ್ಲ, ನಾವು ನಮ್ಮ ದೇಶ ಎಷ್ಟನೆಯದೆಂದು ಮಾತ್ರ ನೋಡಿ ಪುಟ ಮಗುಚುತ್ತೇವೆ. ಅಂಥ ಲೆಕ್ಕಗಳೆಲ್ಲ ಹೊರಡುವುದು ಇಂಥ ಬಾಗಿಲುಗಳಿಂದ. ಮದುವೆಯಾಗಿ ಕಾಲುವೆಯ ಆಚೆ ದಡಕ್ಕೆ ಹೋದ ವರ್ಷವೇ ಈ ಕೆಲಸಕ್ಕೆ ಸೇರಿದ ಅಕ್ಕನಿಗೆ ಈಗ ಮೊಮ್ಮಗಳಿದ್ದಾಳೆ. ಮುಂದಿನ ತಿಂಗಳು ನಿವೃತ್ತಿ. ಹುಟ್ಟಿ ಬೆಳೆದ ಈ ಓಣಿಯಲ್ಲಿ ಇದೇ ಅವರ ಕೊನೆಯ ಸುತ್ತು.

ಕಾಲುವೆಯ ಎರಡೂ ದಡ ಅವರಿಗೆ ಅಂಗೈಯಷ್ಟು ಪರಿಚಿತ. "ಆಚೆ ದಡದ ಐದು ವರ್ಷದ ಮಗೂನೂ ನಮ್ಮ ಓಣಿ ಐದು ವರ್ಷದ ಮಗೂನೂ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಇದರ ನೆತ್ತಿ ಅದರ ಕಿವಿಗೆ ಬರುತ್ತೆ. ವಂಶ ಅಂತಾರೆ. ಯಾವ ವಂಶ? ಇಲ್ಲಿಂದ ಆಚೆಗೆ ಮನೆ ಮಾಡ್ಕೊಂಡು ಹೋದವರ ಮಕ್ಕಳು ಉದ್ದ ಆಗಿದ್ದಾರಲ್ಲ! ನೀರು, ಹಾಲು, ಚರಂಡಿ. ಅಷ್ಟೇ ವಂಶ." ಮತ್ತೆ ನಗುತ್ತಾರೆ. "ಇನ್ನೊಂದು ವಿಚಿತ್ರ. ಆಚೆ ಕಡೆ ಮನೆ ತುಂಬ ಕುರ್ಚಿ. ನನ್ನನ್ನ ಗೇಟಿನಲ್ಲೇ ಮಾತಾಡಿಸಿ ಕಳಿಸ್ತಾರೆ. ಇಲ್ಲಿ ಇರೋದೇ ಒಂದು ಕುರ್ಚಿ. ಕೂತ್ಕೊಳ್ಳಿ ಅಂತ ಜೀವ ತಿಂತಾರೆ."

ಒಂದೇ ಒಂದು ಕುರ್ಚಿ. ಅದನ್ನು ನಾನೂ ನೋಡಿದೆ. ಕೈಯಿರುವ, ಬೆತ್ತ ಹೆಣೆದ, ಮೈ ಸವೆದು ನುಣುಪಾದ ಕುರ್ಚಿ. ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಅದು ಹಿತ್ತಲ ಬಾಗಿಲಿಂದ ಬಂದು ನಡುಮನೆಯಲ್ಲಿ ಏನೂ ಅರಿಯದಂತೆ ನಿಂತಿತ್ತು. ಮೂರನೆಯ ಮನೆಯಲ್ಲೂ ಅದೇ. ನಾಲ್ಕನೆಯದರಲ್ಲಿ ಅದರ ಕಾಲಿಗೆ ಯಾರದೋ ಹಿತ್ತಲ ಹಸಿಮಣ್ಣು ಮೆತ್ತಿತ್ತು. ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲ. ಮನೆಗೆ ಬಂದವರನ್ನು ನೆಲದ ಮೇಲೆ ಕೂರಿಸುವುದು ಹೇಗೆ ಎಂಬ ಸಂಕೋಚ, ಅಷ್ಟೇ. ಅದಕ್ಕೇ ಅಕ್ಕ ಕುರ್ಚಿ ಏಳುವ ಮೊದಲೇ ಓಣಿಗೆ ಬರುತ್ತಾರೆ. ಓಣಿ ಅವರಿಗಿಂತ ಬೇಗ ಏಳುವುದನ್ನು ಕಲಿತಿದೆ.

ಈ ಕುರ್ಚಿಯ ಕಥೆಗೆ ಅಕ್ಕನ ಬಾಲ್ಯದಷ್ಟು ವಯಸ್ಸು. ಅದನ್ನು ಮಾಡಿದವರು ಬಡಗಿಯಾಗಿದ್ದ ಅವರ ಚಿಕ್ಕಪ್ಪ, ಅಂದರೆ ತಾಯಿಯ ತಂಗಿಯ ಗಂಡ. ಯಾರೋ ಮಾಡಿಸಿ ಬೇಡವೆಂದ ಮೇಜಿನಲ್ಲಿ ಉಳಿದ ಮರದಿಂದ ಮಾಡಿದ್ದು. ಓಣಿಯ ಮಕ್ಕಳೆಲ್ಲ ಸುತ್ತ ಕೂತು ಬೆತ್ತ ಹೆಣೆಯುವುದನ್ನು ನೋಡಿದ್ದರಂತೆ. "ಮರಕ್ಕೆ ಬಳಿದ ಅರಗಿನ ವಾಸನೆ ಇನ್ನೂ ಮೂಗಲ್ಲೇ ಇದೆ. ಮುಗಿದ ದಿನ ಚಿಕ್ಕಪ್ಪ ಮೊದಲು ನನ್ನನ್ನೇ ಎತ್ತಿ ಕೂರಿಸಿದ್ರು. ಕಾಲು ನೆಲಕ್ಕೆ ಎಟುಕ್ತಿರ್ಲಿಲ್ಲ," ಎನ್ನುವಾಗ ಅಕ್ಕನ ಮುಖ ಏಳೆಂಟು ವರ್ಷದ ಹುಡುಗಿಯದಾಗುತ್ತದೆ.

ಆಗೆಲ್ಲ ಓಣಿಯ ಕೊನೆಯಲ್ಲಿ ಹಾಲಿನ ಕೇಂದ್ರವಿತ್ತು. ಬಡ ಮನೆಗಳ ಮಕ್ಕಳಿಗೆ ಬೆಳಿಗ್ಗೆ ಬಿಸಿ ಹಾಲು. ಒಂದು ದಿನ ಕನ್ನಡಕದ ಸಾಹೇಬರೊಬ್ಬರು ಸಮೀಕ್ಷೆಗೆ ಬಂದರು. ಅವರನ್ನು ಕೂರಿಸಲು ಕುರ್ಚಿ ಹಿತ್ತಲಿಂದ ಹಿತ್ತಲಿಗೆ ಓಡಿತು. ಅದರ ಜೊತೆಗೆ ಯಾರದೋ ಗೋಡೆ ಗಡಿಯಾರವೂ ಹೊರಟಿತು.

"ಹೊತ್ತವಳು ನಾನೇ," ಎಂದು ಅಕ್ಕ ತಲೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. "ತಲೆ ಮೇಲೆ ಕುರ್ಚಿ, ಕಾಲು ನಾಲ್ಕೂ ಆಕಾಶಕ್ಕೆ. ನಮ್ಮನೇಲಿ ಸಾಹೇಬ್ರು ಕೇಳಿದ್ರು, ಏನಮ್ಮ, ಓಣಿಯವರೆಲ್ಲ ಒಬ್ಬನೇ ಬಡಗಿ ಹತ್ರ ಮಾಡಿಸಿದ್ದೀರಾ ಅಂತ. ಹೌದು ಸಾರ್, ನಮ್ಮ ತಂಗಿ ಗಂಡಾನೇ ಅಂದ್ರು ಅಮ್ಮ. ಸುಳ್ಳೇನಲ್ಲವಲ್ಲ!"

ಕೊನೆಯ ಮನೆ ಚಿಕ್ಕಮ್ಮನದು. ಅಲ್ಲಿಗೆ ಓಡುವಾಗ ಹುಡುಗಿ ಹಿತ್ತಲ ಕಲ್ಲಿಗೆ ಎಡವಿ ಬಿದ್ದಳು. ಸಾಹೇಬರು ಮುಂಬಾಗಿಲಿಂದ ಮೊದಲೇ ತಲುಪಿದರು. ಹೀಗಾಗಿ ಓಣಿಯ ಎಲ್ಲ ಮನೆಗೂ ಕುರ್ಚಿ, ಗಡಿಯಾರ ಇವೆ ಎಂದಾಯಿತು. ಕುರ್ಚಿ ಮಾಡಿದವನ ಮನೆಗೆ ಮಾತ್ರ ಇಲ್ಲ ಎಂದಾಯಿತು. ಆರು ತಿಂಗಳಿಗೆ ಓಣಿ ಅನುಕೂಲಸ್ಥರ ಪಟ್ಟಿ ಸೇರಿತು, ಹಾಲಿನ ಕೇಂದ್ರಕ್ಕೆ ಬೀಗ ಬಿತ್ತು. ಚಿಕ್ಕಮ್ಮನ ಒಂದೇ ಮನೆಗೆ ಒಂದು ತಂಬಿಗೆ ಹಾಲು ಬರುತ್ತಿತ್ತು.

ಚಿಕ್ಕಮ್ಮ ಆ ಒಂದು ತಂಬಿಗೆಗೆ ಮೂರು ತಂಬಿಗೆ ನೀರು ಬೆರೆಸಿ ಕಾಯಿಸಿ ಓಣಿಯ ಮಕ್ಕಳಿಗೆಲ್ಲ ಹಂಚಿದರು. "ಬಣ್ಣ ಮಾತ್ರ ಹಾಲಿಂದು," ಎಂದು ಅಕ್ಕ ನಗಲು ನೋಡಿ, ನಗಲಾರದೆ ಕಣ್ಣೊರೆಸಿಕೊಳ್ಳುತ್ತಾರೆ. "ಆ ನೀರು ಹಾಲಿನ ರುಚಿ ಆಮೇಲೆ ಯಾವ ಹಾಲಿಗೂ ಬರ್ಲಿಲ್ಲ."

ಅಕ್ಕ ಈ ಕೆಲಸಕ್ಕೆ ಸೇರಿದ ಮೇಲೆ, ಅವರ ಮೊದಲ ಸುತ್ತಿನ ನಂತರ ಹಾಲಿನ ಕೇಂದ್ರ ಮತ್ತೆ ತೆರೆಯಿತು. ಈಗ ಯಾವ್ಯಾವ ಕೇಂದ್ರ ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂಬ ಮಾತು ಮತ್ತೆ ಎದ್ದಿದೆ. ಅದು ನಿಂತಿರುವುದು ಈ ಸುತ್ತಿನ ಮೇಲೆ. ದಿನವೂ ಮನೆಯಲ್ಲಿ ಇರುವುದನ್ನು ಬರೆಯಬೇಕೇ ಹೊರತು ನೆಂಟರಿಗಾಗಿ ಬಂದದ್ದನ್ನಲ್ಲ ಎಂಬುದು ಅಕ್ಕನ ನಿಯಮ. ಹಾಗಿದ್ದರೆ ಕೂತುಕೊಂಡೇ 'ಇಲ್ಲ' ಎಂದು ಬರೆಯಬಹುದಲ್ಲ ಎಂದೆ.

"ಅವರು ಅಷ್ಟು ಪ್ರೀತಿಯಿಂದ ತಂದ ಕುರ್ಚಿ ಮೇಲೆ ಕೂತ್ಕೊಂಡು, ಈ ಮನೇಲಿ ಕುರ್ಚಿ ಇಲ್ಲ ಅಂತ ಬರೆಯೋಕೆ ನನಗೆ ಕೈ ಬರಲ್ಲ," ಎಂದರು ಅಕ್ಕ. "ಯಾರದಮ್ಮ ಇದು ಅಂತ ಮಕ್ಕಳ ಮುಂದೆ ಆ ತಾಯೀನ ಕೇಳೋಕೂ ಬಾಯಿ ಬರಲ್ಲ. ಅದಕ್ಕೇ ಮಂಡಿ ನೋವು. ಒಂದು ಸಲ ಹಾಗಂದ ಮೇಲೆ ಯಾವಾಗ ಬಂದ್ರೂ ನಿಂತೇ ಇರ್ಬೇಕಾಯ್ತು."

ಓಣಿಗೆ ಇದು ಗೊತ್ತಿಲ್ಲ. ಕಾಲುವೆ ದಾಟಿ ಹೋದವಳಿಗೆ ಜಂಬ ಎಂದು ಕೆಲವರು ಮೂಗು ಮುರಿಯುತ್ತಾರೆ. ಎಲ್ಲರಿಗಿಂತ ಹೆಚ್ಚು ನೊಂದವರು ಚಿಕ್ಕಮ್ಮ. ತಾನು ಹಾಲು ಕುಡಿಸಿದ ಹುಡುಗಿ, ತನ್ನ ಗಂಡ ಮಾಡಿದ ಕುರ್ಚಿಯಲ್ಲಿ ಕೂರಲಿಲ್ಲವೆಂದು ಅವರು ಮುಖ ಕೊಟ್ಟು ಮಾತಾಡಿಯೇ ವರ್ಷಗಳಾದವು. ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಮುನಿಸು ಇನ್ನೂ ಗಟ್ಟಿಯಾಗಿದೆ.

ಬಿಸಿಲೇರುವ ಹೊತ್ತಿಗೆ ನಾವು ಕೊನೆಯ ಮನೆ ತಲುಪುತ್ತೇವೆ. ಮಗ ಸೊಸೆ ಕೆಲಸಕ್ಕೆ ಹೊರಡುವ ಗಡಿಬಿಡಿಯ ನಡುವೆ ಚಿಕ್ಕಮ್ಮ ಬಟಾಣಿ ಸುಲಿಯುತ್ತ ಕೂತಿದ್ದಾರೆ. ಅಕ್ಕನನ್ನು ನೋಡಿ ಬಟಾಣಿಗೆ ಹೇಳುತ್ತಾರೆ: "ಬಂದ್ರು ದೊಡ್ಡೋರು. ನಿಂತೇ ಹೋಗ್ತಾರೆ ಬಿಡು."

ಅಕ್ಕ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಚಿಕ್ಕಮ್ಮ ಎಲ್ಲದಕ್ಕೂ ಬಟಾಣಿಯ ಮೂಲಕವೇ ಉತ್ತರ ಕೊಡುತ್ತಾರೆ. ಕೊನೆಗೆ ಅಕ್ಕನ ದನಿ ತಗ್ಗುತ್ತದೆ. "ಕುರ್ಚಿ ಇದೆಯಾ ಚಿಕ್ಕಮ್ಮ?"

ನಡುಮನೆಯ ಮೂಲೆ ಖಾಲಿ. ನೆಲದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇದೆ.

"ಕಾಣಲ್ವಾ? ಓಣಿ ಸುತ್ತೋಕೆ ಹೋಗಿದೆ." ಚಿಕ್ಕಮ್ಮನ ಕೈ ನಿಲ್ಲುತ್ತದೆ. ಈ ಸಲ ಅವರು ಅಕ್ಕನ ಮುಖ ನೋಡಿಯೇ ಹೇಳುತ್ತಾರೆ. "ಇದೆ ಅಂತ ಬರಿ. ಆವತ್ತು ಆ ಕನ್ನಡಕದವನು ಇಲ್ಲ ಅಂತ ಬರ್ಕೊಂಡು ಹೋದಾಗ ನಿಮ್ಮ ಚಿಕ್ಕಪ್ಪ ಊಟ ಬಿಟ್ಟು ಮಲಗಿದ್ರು. ಮಾಡಿದ ಕೈಯೇ ಇಲ್ಲ ಅಂದಂಗಾಯ್ತು ಅವರಿಗೆ."

"ಇದೆ ಅಂತಲೇ ಬರ್ದಿದೀನಿ. ಇಡೀ ಓಣೀಲಿ ನಿಮ್ಮನೆ ಒಂದಕ್ಕೇ."

ಅಕ್ಕ ಫೋನಿನಲ್ಲಿ 'ಕಳಿಸು' ಎಂಬಲ್ಲಿ ಬೆರಳೊತ್ತಿ, ಅದು ಹೋಗುವವರೆಗೆ ನೋಡುತ್ತಾರೆ. ಇನ್ನು ತಿದ್ದಲು ಬರುವುದಿಲ್ಲ. ಫೋನನ್ನು ಚೀಲಕ್ಕೆ ಹಾಕಿ, ಹಲಗೆಯನ್ನು ಗೋಡೆಗೆ ಒರಗಿಸುತ್ತಾರೆ.

"ಚಿಕ್ಕಮ್ಮ, ನನ್ನ ಮಂಡಿಗೆ ಏನೂ ಆಗಿಲ್ಲ."

"ಗೊತ್ತು ಕಣೇ. ಮಕ್ಕಳ ಮುಂದೆ ಮಂಡಿ ಊರಿ ಕೂರೋದನ್ನ ಓಣಿಯೆಲ್ಲ ನೋಡಿದೆ. ಯಾಕೆ ಕೂರಲ್ಲ ಅನ್ನೋದೇ ಗೊತ್ತಿಲ್ಲ."

ಅಕ್ಕ ಹೇಳುತ್ತಾರೆ. ನನಗೆ ಹೇಳಿದಷ್ಟನ್ನೇ, ಆದರೆ ತಡವರಿಸುತ್ತ, ಸೆರಗಿನ ತುದಿ ಸುತ್ತುತ್ತ. ಕೇಳಿ ಮುಗಿದ ಮೇಲೆ ಚಿಕ್ಕಮ್ಮ ಹೊರಗೆ ಹೋಗಿ ಓಣಿಗೆಲ್ಲ ಕೇಳಿಸುವಂತೆ ಕೂಗುತ್ತಾರೆ: "ಏಯ್, ಕುರ್ಚಿ ಯಾರ ಮನೇಲಿದೆ? ತನ್ನಿ ಇಲ್ಲಿ!"

ಇಬ್ಬರು ಹೆಂಗಸರು ಕುರ್ಚಿಯನ್ನು ಎತ್ತಿಕೊಂಡು ನಗುತ್ತ ಬರುತ್ತಾರೆ. ಗಣತಿಯ ದಿನ ಅದು ಮುಂಬಾಗಿಲಿಂದ ಒಳಬರುತ್ತಿರುವುದು ಇದೇ ಮೊದಲಂತೆ. ಗುರುತಿದ್ದ ಜಾಗದಲ್ಲೇ ನಾಲ್ಕು ಕಾಲೂ ಕೂರುತ್ತವೆ. ಅಕ್ಕ ಸೆರಗಿನಿಂದ ಬೆತ್ತವನ್ನು ಒರೆಸುತ್ತಾರೆ. ಆಮೇಲೆ ಕೂರುತ್ತಾರೆ. ಕುರ್ಚಿಯ ಎರಡೂ ಕೈಗಳ ಮೇಲೆ ಕೈಯಿಟ್ಟು, ನೆಲಕ್ಕೆ ತಾಗಿದ ತಮ್ಮ ಪಾದಗಳನ್ನೇ ನೋಡುತ್ತಾರೆ.

ಚಿಕ್ಕಮ್ಮ ಅಡುಗೆಮನೆಯಿಂದ ಲೋಟವೊಂದನ್ನು ತಂದು ಅಕ್ಕನ ಕೈಯಲ್ಲಿಡುತ್ತಾರೆ.

"ಕುಡಿ. ನೀರು ಹಾಕಿಲ್ಲ."