ಗುಜರಿ ತಾಮ್ರದ ಸುರುಳಿ

ನನಗೆ ಮಾತಿಗಿಂತ ಕೈ ಮುಂದು. ಮುಂಬಯಿಯ ಕಾಂದಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಅಪ್ಪ ದೋಸೆ ಮಗುಚುವ ಸಟ್ಟುಗದಿಂದಲೇ ನಮ್ಮನ್ನೂ ಅಡುಗೆಯವರನ್ನೂ ತಿದ್ದಿದವರು. ಹೋಟೆಲು ಅಣ್ಣನ ಪಾಲಿಗೆ ಹೋಯಿತು, ಸಿಟ್ಟು ನನ್ನ ಪಾಲಿಗೆ ಬಂತು.

ನಾನು ಮನೆಯಲ್ಲೇ ಅನಲಾಗ್ ಸಿಂಥಸೈಜರ್ ಕಟ್ಟುತ್ತೇನೆ. ಕಂಪ್ಯೂಟರಿನ ಹಂಗಿಲ್ಲದೆ, ಬರೀ ಟ್ರಾನ್ಸಿಸ್ಟರು, ರೆಸಿಸ್ಟರುಗಳಿಂದ ಸ್ವರ ಹೊರಡಿಸುವ ಪೆಟ್ಟಿಗೆ ಅದು. ಅದರ ಶತ್ರು ಸೆಕೆ. ಒಳಗಿನ ಟ್ರಾನ್ಸಿಸ್ಟರ್ ಜೋಡಿ ಬಿಸಿಯಾದರೆ ಮೇಲಿನ ಷಡ್ಜ ಕೆಳಗೆ ಜಾರುತ್ತದೆ. ಜಾರದಂತೆ ಹಿಡಿಯಲು, ಬಿಸಿಗೆ ತಕ್ಕಂತೆ ತಾನೂ ಬದಲಾಗುವ ಒಂದು ವಿಶೇಷ ರೆಸಿಸ್ಟರ್ ಬೇಕು. ಈಗ ಅದನ್ನು ತಯಾರಿಸುವವರೇ ಕಡಿಮೆ.

ಗ್ರಾಂಟ್ ರೋಡಿನ ಅಂಗಡಿಯವನೊಬ್ಬ "ಏಕ್‌ದಮ್ ಓರಿಜಿನಲ್ ಹೈ ಭಾಯಿ" ಎಂದು ಹತ್ತು ಕೊಟ್ಟ. ಮನೆಗೆ ತಂದು ಸೋಲ್ಡರಿಂಗ್ ಐರನ್ನಿನ ಬಿಸಿ ತಾಗಿಸಿದರೆ ಮೀಟರಿನ ಅಂಕಿ ಅಲುಗಲಿಲ್ಲ. ಮಾಮೂಲಿ ರೆಸಿಸ್ಟರಿಗೆ ಬಣ್ಣ ಬಳಿದಿದ್ದರು. ಮರುದಿನ ಹೋಗಿ ಕೌಂಟರಿನ ಮೇಲಿಂದಲೇ ಅವನ ಕಾಲರ್ ಹಿಡಿದೆಳೆದೆ. ಗಾಜು ಒಡೆದು ಅವನ ಮೊಣಕೈ ಕುಯ್ದಿತು. ಅಕ್ಕಪಕ್ಕದವರು ಸೇರಿ ನನ್ನ ಬೆನ್ನಿಗೆ ಸರಿಯಾಗಿ ಬಿಗಿದರು. ನಿಜ ಹೇಳುತ್ತೇನೆ, ಅವತ್ತು ನನಗೆ ಖುಷಿಯೇ ಆಗಿತ್ತು.

ದಾರಿ ತೋರಿಸಿದವನು ಕುರ್ಲಾದ ಚಾಳಿನಲ್ಲಿದ್ದ ಗೆಳೆಯ, ಧಾರವಾಡದ ಕಡೆಯವನು. ಹಾರ್ಮೋನಿಯಂಗಳ ಶ್ರುತಿ ಸರಿಮಾಡುವುದೇ ಅವನ ಹೊಟ್ಟೆಪಾಡು. ಕೂದಲೆಳೆಯಷ್ಟು ತಪ್ಪಿದ ಸ್ವರವನ್ನೂ ಯಾವ ಮೀಟರೂ ಇಲ್ಲದೆ ಹಿಡಿಯುವ ಕಿವಿ ಅವನದು. ಗುಜರಿಯಿಂದ ಹಳೆಯ ರಿಲೇ ತಂದು, ಅದರ ತಾಮ್ರದ ತಂತಿ ಬಿಚ್ಚಿ, ಚಿಕ್ಕ ಸುರುಳಿ ಸುತ್ತಿಕೊಟ್ಟ. ತಾಮ್ರವೂ ಬಿಸಿಗೆ ಹೆಚ್ಚುಕಡಿಮೆ ಆ ವಿಶೇಷ ರೆಸಿಸ್ಟರಿನಂತೆಯೇ ಬದಲಾಗುತ್ತದಂತೆ.

"ಇದು ಟ್ರಾನ್ಸಿಸ್ಟರ್ ಮೈಗೆ ಹತ್ತಿಕೊಂಡ ಇರಬೇಕು ನೋಡಪಾ," ಎಂದ. "ಅದಕ್ಕ ಬಿಸಿ ಆದ್ರ ಇದಕ್ಕ ಗೊತ್ತಾಗಬೇಕು."

ಹೂಂ ಹೂಂ ಎಂದೆ. ಅಂಕುಡೊಂಕಾದ ಆ ಸುರುಳಿ ನನ್ನ ಚಂದದ ಬೋರ್ಡಿಗೆ ಒಪ್ಪುವುದಿಲ್ಲ ಎನ್ನುವುದೇ ತಲೆಯಲ್ಲಿತ್ತು. ಆದರೂ ಬೇರೆ ಗತಿಯಿಲ್ಲದೆ ಪೆಟ್ಟಿಗೆಯೊಳಗೆ ಸೇರಿಸಿದೆ.

ದಾದರ್‌ನ ಒಂದು ಸಣ್ಣ ಹಾಲ್‌ನಲ್ಲಿ ನಾಟಕಕ್ಕೆ ನಮ್ಮಿಬ್ಬರದೇ ಸಂಗೀತ. ಅವನ ಹಾರ್ಮೋನಿಯಂ, ನನ್ನ ಪೆಟ್ಟಿಗೆ. ಮೇ ತಿಂಗಳ ಮಧ್ಯಾಹ್ನ, ಎಸಿ ಬೇರೆ ಕೆಟ್ಟಿತ್ತು. ಎರಡನೇ ದೃಶ್ಯದಲ್ಲೇ ನನ್ನ ಸ್ವರ ಜಾರತೊಡಗಿತು. ಹಾರ್ಮೋನಿಯಂ ಒಂದು ಕಡೆ, ನಾನೊಂದು ಕಡೆ. ಹಾಡುತ್ತಿದ್ದ ನಟಿ ನಿಲ್ಲಿಸಿ ನನ್ನತ್ತ ನೋಡಿದಳು. ಜನ ನಕ್ಕರು.

ಪರದೆ ಬಿದ್ದದ್ದೇ, "ಗುಜರಿ ತಾಮ್ರ ಕೊಟ್ಟು ನನ್ನ ಮರ್ಯಾದೆ ತೆಗೆದೆಯಲ್ಲ ಮಾರಾಯ!" ಎಂದು ಬೀಸಿ ಹೊಡೆದೆ. ಅಂಗೈ ಅಗಲಿಸಿ, ಎಡಗಿವಿಗೆ. ಅವನು ಸ್ಪೀಕರಿನ ಮೂಲೆಗೆ ತಲೆ ಬಡಿದು ಬಿದ್ದ. ಬಿದ್ದವನನ್ನು ಒದ್ದೆ ಕೂಡ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಒದ್ದದ್ದು ಒದ್ದದ್ದೇ. ಕಿವಿಯ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ನಾಟಕದವರು ಅವನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದರು.

ಅವನ ತಪ್ಪನ್ನು ಉಳಿದವರಿಗೆ ತೋರಿಸಬೇಕೆಂದು ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಟ್ರಾನ್ಸಿಸ್ಟರಿನ ಮೇಲೆ ಬೆರಳಿಡಲಾಗದಷ್ಟು ಬಿಸಿ. ಸುರುಳಿ ಮಾತ್ರ ದೂರದ ಮೂಲೆಯಲ್ಲಿ, ಪೆಟ್ಟಿಗೆಯ ಪುಟ್ಟ ಫ್ಯಾನಿನ ಗಾಳಿಗೆ ತಣ್ಣಗೆ ಕೂತಿತ್ತು. ಅಂದ ಕೆಡಬಾರದೆಂದು ಅಲ್ಲಿಟ್ಟವನು ನಾನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ ಹಾಸಿಕೊಟ್ಟವನನ್ನೇ ಹೊಡೆದಿದ್ದೆ.

ಕಿವಿಯ ತಮಟೆ ಹರಿದು ಒಳಗೂ ಪೆಟ್ಟಾಗಿತ್ತು. ಎಡಗಿವಿ ಹೋದದ್ದು ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದವನು ನಾನು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ತಿಂಗಳಾದ ಮೇಲೆ ಧೈರ್ಯ ಮಾಡಿ ಕುರ್ಲಾಕ್ಕೆ ಹೋದೆ. ಅವನು ಬಿಚ್ಚಿದ ಹಾರ್ಮೋನಿಯಂ ಮುಂದೆ ಕೂತು ಒಂದೇ ಸ್ವರದ ಮನೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಆಚೆ ಲೋಕಲ್ ರೈಲಿನ ಸದ್ದು. ಪಕ್ಕದಲ್ಲಿ ಕೂತು, ತಪ್ಪು ನನ್ನದು, ಸುರುಳಿ ದೂರ ಇಟ್ಟವನು ನಾನೇ ಎಂದು ಮೆಲ್ಲಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ. ಭುಜ ಮುಟ್ಟಿ ಮತ್ತೆ ಹೇಳಿದೆ.

"ಆ ಕಡೆ ಏನೂ ಕೇಳ್ಸಂಗಿಲ್ಲೋ," ಎಂದ. "ಈ ಕಡೆ ಬಂದು ಹೇಳು."

ಎದ್ದು ಅವನ ಬಲಕ್ಕೆ ಹೋಗಿ ಬಗ್ಗಿದೆ. ನಾನು ಬಾಯಿ ತೆರೆಯುವ ಮೊದಲೇ ಬೆಚ್ಚಿ ಮೇಲೆದ್ದ ಅವನ ಅಂಗೈ ಆ ಇನ್ನೊಂದು ಕಿವಿಯನ್ನು ಮುಚ್ಚಿಕೊಂಡಿತ್ತು.